ಡಯಾಲಿಸಿಸ್ ಇರುವ ಅಪ್ಪನನ್ನು ಕನ್ಯಾಕುಮಾರಿಗೆ ಕರ್ಕೊಂಡು ಹೋಗ್ಲಿಕ್ಕೆ ಆಗ್ತದಾ? ಗೊತ್ತಿದ್ದವರು ಹೇಳಿ

ನೀರ್ಚಾಲು_ಹುಡುಗ:
ನಮಸ್ಕಾರ ಎಲ್ರಿಗೂ. ನಮ್ಮದು ಕೇರಳದ ಕಾಸರಗೋಡು. ಅಪ್ಪನಿಗೆ 64, ಶುಗರಿಂದಾಗಿ ಎರಡೂ ಕಿಡ್ನಿ ಹೋಗಿ ಈಗ ಸೋಮ ಬುಧ ಶುಕ್ರ ಮಂಗಳೂರಲ್ಲಿ ಡಯಾಲಿಸಿಸ್. ಎಡಗೈಯಲ್ಲಿ ಫಿಸ್ಟುಲಾ ಉಂಟು, ಅಂದ್ರೆ ಡಯಾಲಿಸಿಸಿನ ಸೂಜಿ ಹಾಕ್ಲಿಕ್ಕೆ ಆಪರೇಷನ್ ಮಾಡಿ ರಕ್ತನಾಳ ಜೋಡಿಸಿದ್ದು. ನಡೀತಾರೆ, ಊಟ ಮಾಡ್ತಾರೆ, ಪೇಪರ್ ಓದಿ ರಾಜಕೀಯದವರಿಗೆಲ್ಲ ಬೈತಾರೆ, ಹಾಗಾಗಿ ಹಾಸಿಗೆ ಹಿಡಿದವರೇನಲ್ಲ. ಮೇ ರಜೆಗೆ ತಂಗಿ ಮಕ್ಕಳನ್ನು ಕರ್ಕೊಂಡು ಬರ್ತಾಳೆ, ಆಗ ಎಲ್ರೂ ಸೇರಿ ಕನ್ಯಾಕುಮಾರಿಗೆ ಹೋಗುವಾ ಅಂತ ಅಪ್ಪನದ್ದೇ ಆಸೆ. ಅಮ್ಮ ಬಾಯಿ ಬಿಟ್ಟು ಹೇಳುದಿಲ್ಲ ಆದ್ರೆ ಆಸ್ಪತ್ರೆಯ ವೆರಾಂಡ ಬಿಟ್ಟು ಬೇರೆ ಎಲ್ಲಿಗೂ ಹೋಗದೆ ಅವರಿಗೂ ಸಾಕಾಗಿದೆ.

ಡಾಕ್ಟ್ರಲ್ಲಿ ಕೇಳಿದೆ, "ಹೋಗಿ, ಅಲ್ಲಿ ಡಯಾಲಿಸಿಸಿಗೆ ವ್ಯವಸ್ಥೆ ಮಾಡ್ಕೊಳ್ಳಿ" ಅಂದ್ರು. ಅಷ್ಟೇ. ಆ ವ್ಯವಸ್ಥೆ ಮಾಡುದು ಹೇಗೆ ಅಂತ ಯಾರೂ ಹೇಳುದಿಲ್ಲ. ನನ್ನ ಲೆಕ್ಕ ಹೀಗೆ: ಶುಕ್ರವಾರ ಇಲ್ಲಿ ಮುಗಿಸಿ ರಾತ್ರಿಯ ಟ್ರೈನಿಗೆ ತಿರುವನಂತಪುರ, ಶನಿ ಆದಿತ್ಯ ಕನ್ಯಾಕುಮಾರಿ, ಸೋಮವಾರ ವಾಪಸು, ಮಂಗಳವಾರ ಬೆಳಗ್ಗೆ ಊರಲ್ಲಿ ಡಯಾಲಿಸಿಸ್. ಅಂದ್ರೆ ಒಂದು ದಿವಸ ಲೇಟ್ ಆಗ್ತದೆ ಅಷ್ಟೆ. ಪರ್ವಾಗಿಲ್ವಾ?

ಮುಳ್ಳೇರಿಯ_ಭಟ್ರು:
ತಮ್ಮಾ ಬೇಸರ ಮಾಡ್ಬೇಡ, ಆದ್ರೆ ಇಂಥಾ ಸ್ಥಿತಿಯಲ್ಲಿ ಎಂತದಕ್ಕೆ ಅಷ್ಟು ದೂರ? ಮಧೂರು, ಅನಂತಪುರ, ಬೇಕಲ ಎಲ್ಲ ಮನೆ ಹತ್ತಿರವೇ ಉಂಟು. ದಾರಿಯಲ್ಲಿ ಏನಾದ್ರೂ ಆದ್ರೆ ಯಾರನ್ನು ಹುಡುಕುದು? ಮತ್ತೆ ಒಂದು ದಿವಸ ಆಚೀಚೆ ಆಗುದಾದ್ರೆ ನೀರು ಇಳಿಲಿಕ್ಕೆ ಕಷಾಯ ಉಂಟು, ನಮ್ಮ ನೆಂಟರೊಬ್ಬರು ಕುಡಿತಿದ್ರು.

ಉಪ್ಪಳ_ಸಿಸ್ಟರ್:
ಭಟ್ರೇ, ದಯವಿಟ್ಟು ಕಷಾಯದ ಸುದ್ದಿ ಬೇಡ. ನಾನು ಡಯಾಲಿಸಿಸ್ ವಾರ್ಡಲ್ಲೇ ಕೆಲಸ ಮಾಡುವವಳು. ಮೂತ್ರವೇ ಸರಿ ಹೋಗದವರಿಗೆ ಯಾವ ಕಷಾಯ ಕೊಟ್ರೂ ಅದು ಕುಡಿದ ನೀರಿನ ಲೆಕ್ಕಕ್ಕೇ ಸೇರ್ತದೆ, ಅದರಲ್ಲಿರುವ ಪೊಟ್ಯಾಸಿಯಂ ಬೇರೆ.

ನೀರ್ಚಾಲಿನವರೇ, ಒಂದು ದಿವಸ ಲೇಟ್ "ಅಷ್ಟೆ" ಅಲ್ಲ. ಸೋಮ ಬುಧ ಶುಕ್ರದವರಿಗೆ ಶುಕ್ರವಾರದಿಂದ ಸೋಮವಾರದವರೆಗಿನ ಗ್ಯಾಪೇ ವಾರದಲ್ಲಿ ಎಲ್ಲಕ್ಕಿಂತ ಉದ್ದದ್ದು. ಅಮೆರಿಕದಲ್ಲಿ 32 ಸಾವಿರ ರೋಗಿಗಳ ದಾಖಲೆ ನೋಡಿ 2011ರಲ್ಲಿ ಒಂದು ಅಧ್ಯಯನ ಬಂದಿತ್ತು, ಆ ಉದ್ದ ಗ್ಯಾಪಿನ ಮರುದಿವಸವೇ ಸಾವು, ಹಾರ್ಟಿನ ತೊಂದರೆಗೆ ಅಡ್ಮಿಟ್ ಆಗುದು ಎಲ್ಲ ಜಾಸ್ತಿ ಅಂತ. ನೀವು ಅದೇ ಗ್ಯಾಪನ್ನು ಇನ್ನೊಂದು ದಿವಸ ಎಳೀತಾ ಇದ್ದೀರಿ, ಅದೂ ಮೇ ತಿಂಗಳ ಸೆಕೆಯಲ್ಲಿ, ಬಾಯಾರಿಕೆ ಇರುವಾಗ, ಹೋಟೆಲ್ ಊಟ ಮಾಡಿಕೊಂಡು, ಟ್ರೈನಲ್ಲಿ ಕೂತುಕೊಂಡು. ಬೇಡವೇ ಬೇಡ.

ಲೆಕ್ಕ ತಿರುಗಿಸಿ ಹಾಕಿ. ಸೋಮವಾರ ಮಂಗಳೂರಲ್ಲಿ ಮಾಡಿಸಿ. ಮಂಗಳವಾರ ಹಗಲು ಟ್ರೈನು. ಬುಧವಾರ ತಿರುವನಂತಪುರದಲ್ಲಿ ಡಯಾಲಿಸಿಸ್, ಆ ದಿವಸ ಬೇರೆ ಏನೂ ಇಟ್ಕೊಳ್ಬೇಡಿ, ರೂಮಲ್ಲಿ ಮಲಗ್ಲಿ. ಗುರುವಾರ ಕನ್ಯಾಕುಮಾರಿ ಹೋಗಿ ಬನ್ನಿ, ಹತ್ತಿರ ಹತ್ತಿರ 90 ಕಿಲೋಮೀಟರ್ ಇರುದು. ಶುಕ್ರವಾರ ಪುನಃ ಅಲ್ಲೇ ಡಯಾಲಿಸಿಸ್. ಶನಿವಾರ ವಾಪಸು. ಆದಿತ್ಯವಾರ ಮನೆಯಲ್ಲಿ, ಸೋಮವಾರ ನಿಮ್ಮ ಮಾಮೂಲಿ ಸೀಟು. ಹೀಗೆ ಮಾಡಿದ್ರೆ ಒಂದೂ ತಪ್ಪುದಿಲ್ಲ, ಉದ್ದ ಗ್ಯಾಪಿನ ಕಡೆಯ ದಿವಸ ಮನೆಯಲ್ಲೇ ಇರ್ತೀರಿ. ಮೊದಲು ಡಯಾಲಿಸಿಸ್ ಸೀಟು ಸಿಗ್ಲಿ, ಆಮೇಲೆ ಟ್ರೈನು, ಅದರ ನಂತ್ರ ರೂಮು. ಎಲ್ರೂ ಇದನ್ನು ಉಲ್ಟಾ ಮಾಡಿ ಕಡೆಗೆ ನಮ್ಮ ಹತ್ರ ಬಂದು "ಸಿಸ್ಟರ್ ಎಲ್ಲಿಗಾದ್ರೂ ಫೋನ್ ಮಾಡಿ" ಅಂತಾರೆ.

ನೀರ್ಚಾಲು_ಹುಡುಗ:
ಸಿಸ್ಟರ್ ಕೈ ಮುಗಿದೆ. ಇದು ನನ್ನ ತಲೆಗೇ ಹೋಗಿರ್ಲಿಲ್ಲ. ಅಲ್ಲಿಯ ಆಸ್ಪತ್ರೆಗೆ ಸುಮ್ಮನೆ ಫೋನ್ ಮಾಡಿ ಕೇಳಿದ್ರೆ ಆಗ್ತದಾ?

ಪೆರ್ಲದಕ್ಕ:
ಫೋನು ಮಾತ್ರ ಸಾಲುದಿಲ್ಲ ತಮ್ಮಾ, ನಮ್ಮ ಕತೆ ಕೇಳು. ನಮ್ಮ ಮನೆಯವ್ರನ್ನು ಮಗಳ ಮನೆಗೆ ಕರ್ಕೊಂಡು ಹೋಗಿದ್ದೆವು, ಊರು ಯಾವುದು ಅಂತ ಬೇಡ. ಫೋನಲ್ಲಿ "ಬನ್ನಿ ಬನ್ನಿ ಸೀಟ್ ಉಂಟು" ಅಂದವರು ಅಲ್ಲಿ ಮುಟ್ಟಿದ ಮೇಲೆ ಹೆಪಟೈಟಿಸ್ ರಿಪೋರ್ಟ್ ಹಳೇದಾಯ್ತು, ಹೊಸತು ಬೇಕು, ರಿಪೋರ್ಟ್ ಬರುದು ನಾಳೆ, ಅದು ಬಾರದೆ ಮೆಷಿನಿಗೆ ಹಾಕುದಿಲ್ಲ ಅಂತ ಕೂರಿಸಿದ್ರು. ಇವರಿಗೆ ಆಗಲೇ ಮುಖ ಬಾತು ಉಸಿರು ಎಳೀಲಿಕ್ಕೆ ಶುರು. ಮಗಳು ಅಳುದು, ಅಳಿಯ ರಿಸೆಪ್ಶನಲ್ಲಿ ಜಗಳ, ನಾನು ಆ ಕುರ್ಚಿಯಲ್ಲಿ ಕೂತುಕೊಂಡು ದೇವರೇ ಅಂತ. ಕಡೆಗೆ ಬೇರೆ ಕಡೆ ರಾತ್ರಿ ಎಮರ್ಜೆನ್ಸಿಯಲ್ಲಿ ಮಾಡಿಸಿದ್ದು, ದುಡ್ಡು ಕೇಳ್ಬೇಡ. ನಿಯಮ ತಪ್ಪು ಅಂತ ನಾನು ಹೇಳುದಿಲ್ಲ, ಆದ್ರೆ ಫೋನಲ್ಲಿಯೇ ಹೇಳ್ಬಹುದಿತ್ತಲ್ಲ ಮಾರಾಯ್ರೆ.

ಹಾಗಾಗಿ ಎಲ್ಲ ಪೇಪರ್ ಮೊದಲೇ ವಾಟ್ಸಾಪಲ್ಲಿ ಕಳ್ಸು, ಯಾರು ನೋಡಿದ್ರು ಅವರ ಹೆಸರು ಬರ್ಕೋ, "ಓಕೆ, ಇಂಥ ದಿವಸ ಇಷ್ಟು ಗಂಟೆಗೆ" ಅಂತ ಅವರಿಂದ ಮೆಸೇಜ್ ಬರುವವರೆಗೆ ಟಿಕೆಟ್ ಮಾಡ್ಬೇಡ.

ಉಪ್ಪಳ_ಸಿಸ್ಟರ್:
ಅಕ್ಕ ಹೇಳಿದ್ದು ನೂರಕ್ಕೆ ನೂರು. ಯಾವ ಪೇಪರ್ ಅಂತ ನಾನು ಹೇಳ್ತೇನೆ. ಹೆಪಟೈಟಿಸ್ ಬಿ, ಸಿ, ಎಚ್‌ಐವಿ, ಈ ಮೂರರ ಹೊಸ ರಿಪೋರ್ಟು. ಬಿ ಪಾಸಿಟಿವ್ ಇದ್ರೆ ಅವರಿಗೆ ಮೆಷಿನೇ ಬೇರೆ, ಅದು ಎಲ್ಲ ಕಡೆ ಇರುದಿಲ್ಲ, ಅದಕ್ಕೇ ಅಷ್ಟು ಕೇಳುದು. ಮತ್ತೆ ನಿಮ್ಮ ಸೆಂಟರಿನಿಂದ ಕಳೆದ ಮೂರು ಡಯಾಲಿಸಿಸ್‌ನ ಚಾರ್ಟು ಫೋಟೋ ತೆಗೆದುಕೊಳ್ಳಿ, ಅದರಲ್ಲೇ ಡ್ರೈ ವೆಯ್ಟ್ (ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗಿನ ತೂಕ), ಎಷ್ಟು ನೀರು ತೆಗೆದದ್ದು, ರಕ್ತದ ಸ್ಪೀಡು, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಹೆಪಾರಿನ್ ಎಷ್ಟು, ರಕ್ತ ಸೋಸುವ ಡಯಲೈಸರ್ ಯಾವುದು, ನಡುವಲ್ಲಿ ಬಿಪಿ ಇಳಿದಿತ್ತಾ ಎಲ್ಲ ಇರ್ತದೆ. ಹಿಮೋಗ್ಲೋಬಿನ್, ಪೊಟ್ಯಾಸಿಯಂ ಇತ್ತೀಚಿನದ್ದು. ಮದ್ದಿನ ಚೀಟಿ. ರಕ್ತ ಹೆಚ್ಚಾಗ್ಲಿಕ್ಕೆ ಕೊಡುವ ಎರಿಥ್ರೋಪೊಯಿಟಿನ್ ಇಂಜೆಕ್ಷನ್ ಆ ವಾರ ಇದ್ರೆ ಊರಲ್ಲೇ ಸೋಮವಾರ ಹಾಕಿಸಿ ಹೋಗುದು ಸುಲಭ, ಇಲ್ಲಾಂದ್ರೆ ಅದನ್ನು ಐಸ್ ಪ್ಯಾಕಲ್ಲಿ ಹೊತ್ತುಕೊಂಡು ಹೋಗ್ಬೇಕು. ಮತ್ತೆ ಡಾಕ್ಟ್ರ ಒಂದು ಪತ್ರ, ಇಂಗ್ಲಿಷಲ್ಲಿ, ಸೀಲು ಸಮೇತ.

ಡ್ರೈ ವೆಯ್ಟ್ ವಿಷಯದಲ್ಲಿ ಒಂದು ಹೇಳಿಬಿಡ್ತೇನೆ. ಬೇರೆ ಸೆಂಟರಿನ ತೂಕದ ಮೆಷಿನ್ ಬೇರೆ. ನಿಮ್ಮಲ್ಲಿ 58 ತೋರಿಸಿದ್ದು ಅಲ್ಲಿ 59 ತೋರಿಸ್ಬಹುದು, ಆಗ ಅವರು ಒಂದು ಲೀಟರ್ ಜಾಸ್ತಿ ಎಳೆದ್ರೆ ಅಪ್ಪನಿಗೆ ಕಾಲು ಸೆಳೆತ, ತಲೆ ತಿರುಗುದು, ಬಿಪಿ ಬೀಳುದು. ಸೋಮವಾರ ಊರಲ್ಲಿ ಯಾವ ಬಟ್ಟೆಯಲ್ಲಿ ತೂಗಿದ್ದೋ ಅಲ್ಲಿಯೂ ಹಾಗೆಯೇ ತೂಗಿಸಿ, ಪ್ಯಾಂಟಿನ ಕಿಸೆಯಲ್ಲಿ ಮೊಬೈಲು ಪರ್ಸು ಬೇಡ. ಮತ್ತೆ ಅವರಿಗೆ ಹೇಳಿ, "ನಮ್ಮಲ್ಲಿ ಸಾಮಾನ್ಯ ಇಷ್ಟು ತೆಗೀತಾರೆ, ಇದಕ್ಕಿಂತ ಮೇಲೆ ಹೋದ್ರೆ ಬಿಪಿ ಇಳೀತದೆ" ಅಂತ. ರೋಗಿ ಬಾಯಿ ಬಿಟ್ಟು ಹೇಳಿದ್ರೆ ಹೊಸ ಟೆಕ್ನಿಷಿಯನ್ ಕೇಳ್ತಾರೆ, ಕೇಳದವರೂ ಇದ್ದಾರೆ.

ಫಿಸ್ಟುಲಾ ಕೈಯಲ್ಲಿ ಬ್ಯಾಗ್ ಹಿಡಿಯುದು ಬೇಡ, ಟ್ರೈನಲ್ಲಿ ಆ ಕೈ ಅಡಿಗೆ ಹಾಕಿ ಮಲಗುದು ಬೇಡ, ಯಾವ ಆಸ್ಪತ್ರೆಯಲ್ಲಿಯೂ ಆ ಕೈಯಲ್ಲಿ ಬಿಪಿ ನೋಡ್ಲಿಕ್ಕೆ ಸೂಜಿ ಚುಚ್ಲಿಕ್ಕೆ ಬಿಡ್ಬೇಡಿ. ಬೆಳಗ್ಗೆ ಸಂಜೆ ಮುಟ್ಟಿ ನೋಡಿ, ಆ ಝುಂ ಅನ್ನುದು ಇರ್ಬೇಕು. ಅದು ನಿಂತ್ರೆ ಸಮುದ್ರ ಗಿಮುದ್ರ ಬಿಟ್ಟು ಸೀದಾ ಆಸ್ಪತ್ರೆ.

ಕುಂಬಳೆ_ಮಾಷ್ಟ್ರು:
ಟ್ರೈನಿನ ವಿಷಯ ನಾನು ಹೇಳ್ತೇನೆ. ಹಗಲು ಹೋಗುದಾದ್ರೆ ವಂದೇ ಭಾರತ್ ಒಳ್ಳೇದು, ಮಂಗಳೂರಿಂದ ಒಂದು, ಕಾಸರಗೋಡಿಂದ ಒಂದು ಉಂಟು, ಎಂಟರಿಂದ ಒಂಬತ್ತು ಗಂಟೆಯಲ್ಲಿ ತಿರುವನಂತಪುರ. ಆದ್ರೆ ಅದರಲ್ಲಿ ಮಲಗ್ಲಿಕ್ಕೆ ಇಲ್ಲ, ಕೂತೇ ಹೋಗ್ಬೇಕು, ವಾರಕ್ಕೆ ಒಂದೊಂದು ದಿವಸ ರಜೆಯೂ ಇರ್ತದೆ, ನೋಡಿ ಬುಕ್ ಮಾಡಿ. ಬೆನ್ನು ನೋವು ಇದ್ದವರಿಗೆ ಮಾವೇಲಿ, ಮಲಬಾರ್ ಎರಡೂ ರಾತ್ರಿಯ ಗಾಡಿ, ಮಲಗಿ ಹೋಗ್ಬಹುದು. ಪರಶುರಾಂ ಸೀದಾ ಕನ್ಯಾಕುಮಾರಿಗೆ ಹೋಗ್ತದೆ ಆದ್ರೆ ಹಗಲಿಡೀ ಅದರಲ್ಲಿ ಕೂತ್ರೆ ಆರೋಗ್ಯ ಇದ್ದವನಿಗೂ ಸಾಕಾಗ್ತದೆ. ಲೋವರ್ ಬರ್ತ್ ಹಾಕಿ, ಬಾತ್‌ರೂಮ್ ಹತ್ರ.

ಸ್ಟೇಷನಲ್ಲಿ ವೀಲ್‌ಚೇರ್ ಕೇಳಿದ್ರೆ ಕೊಡ್ತಾರೆ. ನಾಚಿಕೆ ಬೇಡ, ಅಪ್ಪ "ನಾನು ನಡೀತೇನೆ" ಅಂತಾರೆ, ಆ ಓವರ್‌ಬ್ರಿಜ್ ಹತ್ತಿ ಇಳಿದ್ಮೇಲೆ ನಡೀಲಿಕ್ಕೆ ಶಕ್ತಿ ಇರುದಿಲ್ಲ.

ನೀರ್ಚಾಲು_ಹುಡುಗ:
ಮಾಷ್ಟ್ರೇ, ಡಯಾಲಿಸಿಸ್‌ನವರಿಗೆ ಟಿಕೆಟಲ್ಲಿ ಕನ್ಸೆಶನ್ ಉಂಟಂತೆ, 75 ಪರ್ಸೆಂಟ್?

ಕುಂಬಳೆ_ಮಾಷ್ಟ್ರು:
ಉಂಟು, ಆದ್ರೆ ಅದು ಚಿಕಿತ್ಸೆಗೆ ಹೋಗುವ ಪ್ರಯಾಣಕ್ಕೆ ಮಾತ್ರ, ತಿರುಗಾಡ್ಲಿಕ್ಕೆ ಅಲ್ಲ. 2020ರಲ್ಲಿ ಹಿರಿಯ ನಾಗರಿಕರದ್ದೆಲ್ಲ ತೆಗೆದ್ರು, ರೋಗಿಗಳದ್ದು, ಅಂಗವಿಕಲರದ್ದು, ವಿದ್ಯಾರ್ಥಿಗಳದ್ದು ಇಟ್ಟಿದ್ದಾರೆ. ಫಾರ್ಮಿಗೆ ಡಾಕ್ಟ್ರ ಸಹಿ ಸೀಲು ಬೇಕು, ಎಲ್ಲಿಂದ ಎಲ್ಲಿಗೆ ಯಾವ ಆಸ್ಪತ್ರೆಗೆ ಅಂತ ಬರ್ದಿರ್ಬೇಕು. "ಅಲ್ಲಿ ಹೋಗಿ ಡಯಾಲಿಸಿಸ್ ಮಾಡಿಸ್ತೇವಲ್ಲ" ಅಂತ ಜಾಣತನ ಮಾಡ್ಬೇಡಿ, ಫಾರ್ಮ್ ಕೊಡುವ ಡಾಕ್ಟ್ರಿಗೆ ತೊಂದರೆ. ದುಡ್ಡು ಕೊಟ್ಟು ಹೋಗಿ.

ಅಕ್ಕಲಕೋಟ_ಮಲ್ಲಿ:
ನಾನು ಗಡಿ ಆಚೆ ಕಡಿಯಾಕಿ ರೀ, ಸೊಲ್ಲಾಪುರ ಜಿಲ್ಲಾ. ನಮ್ಮ ಅತ್ತಿಯವರಿಗೆ ಮಷಿನ್ ಡಯಾಲಿಸಿಸ್ ಅಲ್ಲ, ಹೊಟ್ಟಿಯೊಳಗ ನೀರ ಬಿಡೋದು ಇರ್ತದಲ್ಲ, ಸಿಎಪಿಡಿ, ಅದು. ನೀವು ಆಸ್ಪತ್ರಿ ಹುಡುಕೋ ತ್ರಾಸ ಪಡ್ತೀರಿ, ನಮ್ಮದು ಚೀಲಾ ಹೊರೋ ತ್ರಾಸ. ಎರಡೆರಡು ಲೀಟರಿನ ಚೀಲ, ದಿನಕ್ಕ ಮೂರು ನಾಕು, ಹಂಗಂದ್ರ ಒಂದ ವಾರಕ್ಕ ಎಷ್ಟ ಭಾರ ಲೆಕ್ಕಾ ಹಾಕ್ರಿ. ಮೊದಲೇ ತಿಳಿಸಿದ್ರ ಕಂಪನಿಯವ್ರು ಹೋಗೋ ಊರಿಗೇ ಡಬ್ಬಿ ಕಳಸ್ತಾರ, ತಿರುಪತಿಗೆ ಹೋದಾಗ ಹಂಗೇ ಮಾಡಿದ್ವಿ.

ಲಾಡ್ಜಿನ ಖೋಲಿ ಒಳಗ ಏನ ಮಾಡಬೇಕಂದ್ರ, ಮೊದಲ ಫ್ಯಾನ್ ಬಂದ್, ಕಿಟಕಿ ಬಂದ್, ಮಕ್ಕಳು ಹೊರಗ. ಟೇಬಲ್ ಒರಸಬೇಕು, ಕೈ ಸಾಬೂನಿಲೆ ಚಂದಂಗ ತೊಳೀಬೇಕು, ಮಾಸ್ಕ್ ಹಾಕೋಬೇಕು. ಚೀಲ ನೇತ ಹಾಕಾಕ ಒಂದ ಎಸ್ ಕೊಂಡಿ ಒಯ್ದಿರ್ತೀನಿ, ಪರದೆ ಹಾಕೋ ರಾಡಿಗೆ ಸಿಗಸ್ತೀನಿ. ಅರ್ಧ ತಾಸಿನ ಕೆಲಸ. ಹೊರಗ ಬಂದ ನೀರು ತಿಳಿ ಇರಬೇಕು, ಅಕ್ಕಿ ತೊಳದ ನೀರಿನಂಗ ಕದಡಿತ್ತಂದ್ರ ಹೊಟ್ಟಿಯೊಳಗ ಸೋಂಕು, ದರ್ಶನ ಗಿರ್ಶನ ನೋಡಬಾರದು, ದವಾಖಾನಿಗೆ ಓಡಬೇಕು. ತಿರುಮಲದಾಗ ವಯಸ್ಸಾದವ್ರಿಗೆ, ಕಿಡ್ನಿ ಕೆಟ್ಟವ್ರಿಗೆ ಬ್ಯಾರೆ ದರ್ಶನ ಐತ್ರಿ, ಡಾಕ್ಟರ್ ಕಾಗದ ಬೇಕು, ಆನ್‌ಲೈನ್ ಮೊದಲ ಬುಕ್ ಮಾಡ್ಬೇಕು.

ಎರಡನೇ_ಇನಿಂಗ್ಸ್:
ನಾನು ಟ್ರಾನ್ಸ್‌ಪ್ಲಾಂಟ್ ಆದವ, ಅಮ್ಮನ ಕಿಡ್ನಿ, ಮಂಜೇಶ್ವರ. ನಮ್ಮಂಥವರಿಗೆ ಮೆಷಿನ್ ಬೇಡ, ಆದ್ರೆ ಗಡಿಯಾರ ಬೇಕು. ಹೊಸ ಕಿಡ್ನಿಯನ್ನು ದೇಹ ತಿರಸ್ಕರಿಸದ ಹಾಗೆ ಕೊಡುವ ಮದ್ದು ಟ್ಯಾಕ್ರೊಲಿಮಸ್ ಹನ್ನೆರಡು ಗಂಟೆಗೊಮ್ಮೆ, ಬಸ್ಸು ಕೆಟ್ಟು ನಿಂತ್ರೂ ತಗೊಳ್ಳಲೇಬೇಕು, ಹಾಗಾಗಿ ಮದ್ದು ಡಿಕ್ಕಿಯಲ್ಲಿ ಹಾಕುದಲ್ಲ, ಕಿಸೆಯಲ್ಲಿ. ಎರಡು ಕಡೆ ಹಂಚಿ ಇಡಿ, ಒಂದು ಬ್ಯಾಗ್ ಕಳೆದ್ರೆ ಇನ್ನೊಂದರಲ್ಲಿ ಇರ್ಲಿ. ಚಕ್ಕೋತ ತಿನ್ನುದು ಬೇಡ, ಅದು ಮದ್ದಿನ ಲೆವೆಲ್ ಏರಿಸಿಬಿಡ್ತದೆ. ದಾರಿ ಬದಿಯ ಚಟ್ನಿ, ಕತ್ತರಿಸಿಟ್ಟ ಹಣ್ಣು, ಐಸ್ ಹಾಕಿದ ಜ್ಯೂಸ್ ಎಲ್ಲ ನಿಮಗೆ ಒಂದು ದಿನದ ಭೇದಿ, ನಮಗೆ ಅಡ್ಮಿಶನ್. ಬಿಸಿ ಬಿಸಿ ಇಡ್ಲಿ, ಕುದಿಸಿದ ನೀರು.

ಭಟ್ರು ಕೇಳಿದ್ದಕ್ಕೆ ನನ್ನ ಉತ್ತರ: ಡಯಾಲಿಸಿಸಲ್ಲಿ ಇದ್ದಾಗ ನನಗೆ ಕಾಯಿಲೆಗಿಂತ ಜಾಸ್ತಿ ತಲೆ ಕೆಡಿಸಿದ್ದು ಆ ಮನೆ-ಆಸ್ಪತ್ರೆ-ಮನೆ. ನೆಂಟರ ಮದುವೆಗೂ ಕರೀತಿರ್ಲಿಲ್ಲ, "ಪಾಪ ಅವನಿಗೆ ಆಗುದಿಲ್ಲ" ಅಂತ ಅವರೇ ತೀರ್ಮಾನ ಮಾಡ್ತಿದ್ರು. ಆಗ್ತದಾ ಇಲ್ವಾ ಅಂತ ನನ್ನ ಹತ್ರ ಕೇಳಿ ಮಾರಾಯ್ರೆ.

ಮುಳ್ಳೇರಿಯ_ಭಟ್ರು:
ಸರಿ ಮಾರಾಯಾ, ನಾನು ಹೋಗ್ಬಾರದು ಅಂತ ಹೇಳಿದ್ದಲ್ಲ, ಹೆದರಿಕೆಯಲ್ಲಿ ಹೇಳಿದ್ದು. 2020ರಲ್ಲಿ ಕೊರೊನಾ ಅಂತ ಕೇರಳ-ಕರ್ನಾಟಕದ ತಲಪಾಡಿ ಗಡಿ ಮುಚ್ಚಿದಾಗ ಮಂಗಳೂರಿಗೆ ಹೋಗ್ಲಿಕ್ಕಾಗದೆ ನಮ್ಮವರು ಪಟ್ಟ ಪಾಡು ನೋಡಿದವ ನಾನು. ಮಣ್ಣು ತಂದು ರಸ್ತೆಗೇ ಸುರಿದಿದ್ರು. ಅಂದಿನಿಂದ ಆಸ್ಪತ್ರೆ ಒಂದು ಊರಲ್ಲಿ ನಾವು ಒಂದು ಊರಲ್ಲಿ ಅಂದ್ರೇ ಎದೆ ಹೊಡ್ಕೊಳ್ತದೆ.

ಪೆರ್ಲದಕ್ಕ:
ಅದು ಯಾರೂ ಮರೆಯುದಿಲ್ಲ ಭಟ್ರೇ. ಆದ್ರೆ ಈ ಸಲ ಆಸ್ಪತ್ರೆ ಇರುವ ಕಡೆಗೇ ಹೋಗುದಲ್ವಾ.

ತಮ್ಮಾ ಊಟದ್ದು ಕೇಳು, ಅದು ಯಾರೂ ಹೇಳ್ಲಿಲ್ಲ. ಡಯಾಲಿಸಿಸ್‌ನವರಿಗೆ ದಾರಿಯಲ್ಲಿ ಮೊದಲ ಶತ್ರು ಬೊಂಡ, ಅಂದ್ರೆ ಎಳನೀರು. ಸೆಕೆ ಅಂತ ಎಲ್ರೂ ಒಂದೊಂದು ಕುಡಿಯುವಾಗ ಅಪ್ಪನಿಗೂ ಒಂದು ಕೈಗೆ ಕೊಡ್ತಾರೆ, ಪೊಟ್ಯಾಸಿಯಂ ಏರಿದ್ರೆ ಹಾರ್ಟೇ ನಿಲ್ಲುದು. ನೇಂದ್ರ ಚಿಪ್ಸ್, ಬಾಳೆಹಣ್ಣು, ಹಲಸಿನ ಹಣ್ಣು, ಮೇ ತಿಂಗಳಲ್ಲಿ ಮಾವಿನ ಹಣ್ಣು, ಇದೆಲ್ಲ ಟ್ರೈನಲ್ಲಿ ಎದುರು ಸೀಟಿನವರು ಪ್ರೀತಿಯಲ್ಲಿ ಕೊಡ್ತಾರೆ, ಬೇಡ ಅಂದ್ರೆ ಬೇಸರ ಮಾಡ್ತಾರೆ, ಮಾಡ್ಲಿ. ಸಾಂಬಾರು, ಸಾರು, ಮಜ್ಜಿಗೆ, ಪಾಯಸ ಎಲ್ಲ ನೀರಿನ ಲೆಕ್ಕವೇ. ನಾನು ಇವರಿಗೆ ಒಂದು ಅರ್ಧ ಲೀಟರಿನ ಬಾಟ್ಲಿ ಪ್ರತ್ಯೇಕ ಇಡ್ತೇನೆ, ಮದ್ದು ನುಂಗ್ಲಿಕ್ಕೂ ಅದರಿಂದಲೇ, ಚಾ ಕುಡಿದ್ರೆ ಅಷ್ಟು ನೀರು ಬಾಟ್ಲಿಯಿಂದ ಚೆಲ್ಲುದು. ಗಲಾಟೆ ಮಾಡ್ತಾರೆ, ಆದ್ರೆ ಕಣ್ಣಿಗೆ ಕಾಣ್ತದಲ್ಲ ಎಷ್ಟು ಉಳಿಯಿತು ಅಂತ.

ಉಪ್ಪಳ_ಸಿಸ್ಟರ್:
ಅಕ್ಕ, ನಿಮ್ಮ ಬಾಟ್ಲಿ ಐಡಿಯ ನಮ್ಮ ವಾರ್ಡಲ್ಲಿ ಎಲ್ರಿಗೂ ಹೇಳ್ತೇನೆ. ಎಷ್ಟು ನೀರು ಅನ್ನುದು ಮಾತ್ರ ಒಬ್ಬೊಬ್ಬರಿಗೆ ಬೇರೆ, ಮೂತ್ರ ಎಷ್ಟು ಹೋಗ್ತದೆ ನೋಡಿ ಡಾಕ್ಟ್ರು ಹೇಳಿದ್ದೇ ಲೆಕ್ಕ. ಇನ್ನೊಂದು ಸೇರಿಸಿ, ದಾರೆಹುಳಿ, ಅದೇ ಸ್ಟಾರ್ ಫ್ರೂಟ್. ಕಿಡ್ನಿ ಹೋದವರಿಗೆ ಅದು ವಿಷವೇ, ಬಿಕ್ಕಳಿಕೆಯಲ್ಲಿ ಶುರುವಾಗಿ ಗೊಂದಲ, ಫಿಟ್ಸ್ ವರೆಗೆ ಹೋಗ್ತದೆ. ಅದರದ್ದೇ ಜಾತಿಯ ಹುಳಿ ಕಾಯಿ ಬಿಂಬುಳಿ, ಅದರ ಜ್ಯೂಸ್ ಕೊಲೆಸ್ಟ್ರಾಲಿಗೆ ಒಳ್ಳೇದು ಅಂತ ಕುಡಿದು ಇದ್ದ ಕಿಡ್ನಿಯನ್ನೂ ಹಾಳು ಮಾಡ್ಕೊಂಡವರು ಕೇರಳದಲ್ಲಿ ಇದ್ದಾರೆ. ಉಪ್ಪಿನಕಾಯಿ, ಹಪ್ಪಳ ತಿಂದ್ರೆ ಬಾಯಾರಿಕೆ ತಡೀಲಿಕ್ಕಾಗುದಿಲ್ಲ.

ಅಪ್ಪನಿಗೆ ಇನ್ಸುಲಿನ್ ಉಂಟಾ? ಇದ್ರೆ ಓಪನ್ ಮಾಡಿದ ಪೆನ್ನು ಹೊರಗೇ ಇರ್ಬಹುದು, ಆದ್ರೆ ಮೇ ತಿಂಗಳಲ್ಲಿ ನಿಲ್ಸಿದ ಕಾರಲ್ಲಿ ಬಿಟ್ಟು ಹೋಗ್ಬೇಡಿ. ಐಸಿಗೆ ತಾಗಿಸಿ ಇಡುದೂ ಬೇಡ, ಗಟ್ಟಿಯಾದ್ರೆ ಕೆಟ್ಟಿತು.

ಎಣ್ಮಕಜೆ_ಅಮ್ಮ:
ನಾನು ಸ್ವಲ್ಪ ಬೇರೆ ವಿಷಯ ಬರೀತೇನೆ, ಬೈಬೇಡಿ. ನನ್ನ ಮಗಳಿಗೆ 22 ವರ್ಷ, ನಡಿಯುದಿಲ್ಲ, ಮಾತಿಲ್ಲ, ಫಿಟ್ಸ್ ಬರ್ತದೆ. ನಮ್ಮ ಪಂಚಾಯತು ಅಂದ್ರೆ ನಿಮಗೆಲ್ಲ ಗೊತ್ತೇ ಉಂಟು, ಗೇರು ತೋಟಕ್ಕೆ ಹೆಲಿಕಾಪ್ಟರಲ್ಲಿ ಎಂಡೋಸಲ್ಫಾನ್ ಕೀಟನಾಶಕ ಬಿಟ್ಟದ್ದು. ನಮಗೆ ಕನ್ಯಾಕುಮಾರಿ ದೂರದ ಮಾತು, ಬೇಕಲಕ್ಕೆ ಹೋಗಿ ಬರುವುದೇ ದೊಡ್ಡ ಟೂರು. ಹೋದೆವು ಕಳೆದ ವರ್ಷ. ಆಸ್ಪತ್ರೆ, ಮದ್ದು ಎಲ್ಲ ಸರಿ ಮಾಡಿದ್ದೆವು, ಪಾಲಿಯೇಟಿವ್‌ನ ನರ್ಸಮ್ಮ ಮನೆಗೆ ಬಂದು ಫಿಟ್ಸಿನ ಮದ್ದು ಜಾಸ್ತಿ ಎಷ್ಟು ಇಡ್ಬೇಕು, ಬಂದ್ರೆ ಹೇಗೆ ಮಗ್ಗುಲಿಗೆ ಮಲಗಿಸ್ಬೇಕು, ಎಷ್ಟು ನಿಮಿಷ ನೋಡಿ ಆಸ್ಪತ್ರೆಗೆ ಹೋಗ್ಬೇಕು ಎಲ್ಲ ಹೇಳಿದ್ರು. ಅಡ್ಡಿಯಾದದ್ದು ಯಾವುದು ಗೊತ್ತುಂಟಾ, ಡೈಪರ್ ಬದಲಿಸ್ಲಿಕ್ಕೆ ಜಾಗ. ಸಣ್ಣ ಮಕ್ಕಳಿಗಾದ್ರೆ ಮಡಿಲಲ್ಲೇ ಆಗ್ತದೆ, 22 ವರ್ಷದ ಹುಡುಗಿಯನ್ನು ಎಲ್ಲಿ ಮಲಗಿಸುದು? ಕಡೆಗೆ ವ್ಯಾನಿನ ಹಿಂದಿನ ಸೀಟು ಬಿಚ್ಚಿ, ನಾನು ಮತ್ತು ನನ್ನ ತಂಗಿ ಎರಡು ಸೀರೆ ಮರೆ ಕಟ್ಟಿ ಮಾಡಿದ್ದು. ವೀಲ್‌ಚೇರ್ ಮರಳಲ್ಲಿ ಹೋಗುದಿಲ್ಲ, ಚಕ್ರ ಹೂತು ಹೋಗ್ತದೆ. ಇವಳ ಅಪ್ಪ ಎತ್ತಿಕೊಂಡು ಹೋದ್ರು. ಗಾಳಿ ಮುಖಕ್ಕೆ ಹೊಡೆದಾಗ ನಗಾಡಿದ್ಳು, ಜೋರಾಗಿ, ಆಚೆಯವರು ತಿರುಗಿ ನೋಡುವಷ್ಟು.

ನಾನು ಹೇಳ್ಲಿಕ್ಕೆ ಬಂದದ್ದು ಇಷ್ಟೇ, ಹೋಗುವ ಜಾಗದಲ್ಲಿ ಶೌಚಾಲಯ ಎಲ್ಲುಂಟು, ಯೂರೋಪಿಯನ್ ಉಂಟಾ, ಎಷ್ಟು ಮೆಟ್ಟಿಲು ಅಂತ ಡಾಕ್ಟ್ರು ಹೇಳುದಿಲ್ಲ, ಅದನ್ನು ನೀವೇ ಕೇಳ್ಬೇಕು.

ನೀರ್ಚಾಲು_ಹುಡುಗ:
ಅಕ್ಕ ಬೈಲಿಕ್ಕೆಂತ ಉಂಟು, ಇದೇ ಬೇಕಾದದ್ದು. ಕನ್ಯಾಕುಮಾರಿಯಲ್ಲಿ ವಿವೇಕಾನಂದ ಬಂಡೆಗೆ ಅಪ್ಪನನ್ನು ಕರ್ಕೊಂಡು ಹೋಗ್ಬಹುದಾ ಯಾರಿಗಾದ್ರೂ ಗೊತ್ತುಂಟಾ?

ಹೊಸೂರು_ಸೋಮಣ್ಣ:
ನಾನು ಹೊಸೂರಿನವ್ನು, ಅಮ್ಮನ್ನ ಹೋದ ವರ್ಷ ಕರ್ಕೊಂಡ್ ಹೋಗಿದ್ದೆ, ಅವ್ರಿಗೆ ಸಿಒಪಿಡಿ ಅಂತ ಶ್ವಾಸಕೋಶದ ಕಾಯಿಲೆ, ರಾತ್ರಿ ಆಕ್ಸಿಜನ್ ಬೇಕು. ಬಂಡೆಗೆ ಬೋಟಲ್ಲಿ ಹೋಗ್ಬೇಕು, ಬೋಟಿಗೆ ಕ್ಯೂ ಇದೆ, ರಜಾ ದಿನ ಅಂದ್ರೆ ಬಿಸಿಲಲ್ಲಿ ಬೆವರು ಕಿತ್ಕೊಂಡ್ ಬರುತ್ತೆ, ಹತ್ತಿ ಇಳಿಯೋವಾಗ ಬೋಟು ಅಲ್ಲಾಡ್ತಿರುತ್ತೆ, ಮೇಲೆ ಮೆಟ್ಟಿಲು. ಈಗ ತಿರುವಳ್ಳುವರ್ ಪ್ರತಿಮೆಗೂ ಬಂಡೆಗೂ ಮಧ್ಯೆ ಗಾಜಿನ ಸೇತುವೆ ಬೇರೆ ಆಗಿದೆ, ಅದನ್ನ ನೋಡೋಕೇ ಜನ. ಅಮ್ಮ ದಡದಲ್ಲೇ ಕೂತ್ರು, ಅಲ್ಲಿಂದ ಎರಡೂ ಚೆನ್ನಾಗಿ ಕಾಣುತ್ತೆ. ನಾವು ಗಾಳಿಯಿಂದ ಆಕ್ಸಿಜನ್ ತೆಗೆದುಕೊಡೋ ಮೆಷಿನ್ ಕಾನ್ಸಂಟ್ರೇಟರ್‌ನ ಕಾರಲ್ಲೇ ತಗೊಂಡ್ ಹೋಗಿದ್ವಿ, ರೂಮ್ ಬುಕ್ ಮಾಡೋವಾಗ "ಕರೆಂಟ್ ಹೋದ್ರೆ ಜನರೇಟರ್ ಇದ್ಯಾ, ರೂಮಿನ ಪ್ಲಗ್‌ಗೂ ಬರುತ್ತಾ" ಅಂತ ಕೇಳಿ, ಕೆಲವು ಕಡೆ ಲೈಟು ಫ್ಯಾನಿಗೆ ಮಾತ್ರ ಕೊಟ್ಟಿರ್ತಾರೆ. ಉಸಿರಾಟದ ತೊಂದ್ರೆ ಇರೋರು ಯಾರಾದ್ರೂ ಓದ್ತಿದ್ರೆ, ಊಟಿ 2,240 ಮೀಟರ್ ಎತ್ತರ, ಡಾಕ್ಟರ್‌ನ ಕೇಳದೆ ಹೋಗ್ಬೇಡಿ. ವಿಮಾನದಲ್ಲಿ ನಮ್ಮ ಸ್ವಂತ ಸಿಲಿಂಡರ್ ಬಿಡಲ್ಲ, ಬ್ಯಾಟರಿ ಕಾನ್ಸಂಟ್ರೇಟರ್‌ಗೂ ಏರ್‌ಲೈನ್‌ನೋರ ಒಪ್ಪಿಗೆ ಮೊದ್ಲೇ ತಗೋಬೇಕು.

ಪೆರ್ಲದಕ್ಕ:
ಅಪ್ಪ ದಡದಲ್ಲಿ ಕೂತ್ಕೊಳ್ಳಲಿ, ತಂಗಿ ಜೊತೆಗೆ ಕೂತ್ಕೊಳ್ಳಲಿ. ಅಮ್ಮನನ್ನು ನೀನು ಬೋಟಲ್ಲಿ ಕರ್ಕೊಂಡು ಹೋಗು. ಅಮ್ಮ "ನಾನು ಇವರ ಹತ್ರ ಕೂರ್ತೇನೆ, ನೀವು ಹೋಗಿ" ಅಂತ ಹೇಳಿಯೇ ಹೇಳ್ತಾರೆ, ಕೇಳ್ಬೇಡ. ಬುಧವಾರ ಡಯಾಲಿಸಿಸಿಗೂ ನೀನೇ ಕೂರು, ಅಮ್ಮ ಮೊಮ್ಮಕ್ಕಳ ಜೊತೆ ಪದ್ಮನಾಭನ ದರ್ಶನ ಮಾಡಿ ಬರ್ಲಿ. ಅಲ್ಲಿ ಹೋಗಿಯೂ ಅವರು ನಾಲ್ಕು ಗಂಟೆ ಕುರ್ಚಿಯಲ್ಲಿ ಕೂರುದಾದ್ರೆ ಅವರ ಮಟ್ಟಿಗೆ ಅದು ಟೂರಲ್ಲ, ಮಂಗಳೂರೇ.

ಕುಂಬಳೆ_ಮಾಷ್ಟ್ರು:
👏 ಇದು ಸರಿಯಾದ ಮಾತು.

ನೀರ್ಚಾಲು_ಹುಡುಗ:
ಎಲ್ರಿಗೂ ಅಪ್‌ಡೇಟ್. ತಿರುವನಂತಪುರದಲ್ಲಿ ಸುಮಾರು ಕಡೆ ಫೋನ್ ಮಾಡಿ ಒಂದು ಕಡೆ ಬುಧ, ಶುಕ್ರ ಎರಡೂ ಮಧ್ಯಾಹ್ನದ ಶಿಫ್ಟು ಸಿಕ್ತು, ಪೇಪರ್ ನೋಡಿ ಮೆಸೇಜ್ ಹಾಕಿದ್ದಾರೆ. ನಮ್ಮ ಕಾಸರಗೋಡು ಮಲಯಾಳ ಕೇಳಿ ಅವರು ನಗಾಡಿದ್ರು, ಕೆಲಸ ಆಯ್ತಲ್ಲ. ಆರೋಗ್ಯ ಕಾರ್ಡ್ ತೆಗೊಳ್ತಾರಾ ಅಂತ ಕಾರ್ಡಿನ ಕೌಂಟರಿಗೇ ಕನೆಕ್ಟ್ ಮಾಡ್ಸಿ ಕೇಳಿದೆ, ಇಲ್ಲ ಅಂದ್ರು, ದುಡ್ಡು ಕೊಡ್ಬೇಕು, ಪರ್ವಾಗಿಲ್ಲ. ಮಾವೇಲಿ ಬಿಟ್ಟು ಹಗಲಿನ ವಂದೇ ಭಾರತೇ ಮಾಡಿದೆ, ಅಪ್ಪನಿಗೆ ಕಿಟಕಿ ಬೇಕಂತೆ. ಬಲಗಡೆ ಕಿಟಕಿಯೇ ಹಿಡಿದೆ, ಎಡಗೈ ಗೋಡೆಗೆ ಒತ್ತಬಾರದಲ್ಲ.

ಒಂದೇ ಸಂಶಯ ಸಿಸ್ಟರ್. ಅವರು ವೈರಾಲಜಿ ರಿಪೋರ್ಟ್ (ಆ ಹೆಪಟೈಟಿಸ್, ಎಚ್‌ಐವಿಯದ್ದು) ಒಂದು ತಿಂಗಳ ಒಳಗಿನದ್ದು ಬೇಕು ಅಂತಾರೆ, ನಮ್ಮದು ಫೆಬ್ರವರಿಯದ್ದು. ಹೊರಗೆ ಲ್ಯಾಬಲ್ಲಿ ಮಾಡಿಸುದಾ?

ಉಪ್ಪಳ_ಸಿಸ್ಟರ್:
ಹೊರಗೆ ಯಾಕೆ, ಹೊರಡುವುದಕ್ಕಿಂತ ಹಿಂದಿನ ವಾರದ ಸೋಮವಾರ ನಿಮ್ಮ ಸೆಂಟರಲ್ಲೇ ಹೇಳಿ, ಡಯಾಲಿಸಿಸಿಗೆ ಸೂಜಿ ಹಾಕುವಾಗ ಅದರಿಂದಲೇ ರಕ್ತ ತೆಗೀತಾರೆ, ಬೇರೆ ಚುಚ್ಚುದು ಬೇಡ. ಅದೇ ವಾರದ ಒಳಗೆ ರಿಪೋರ್ಟ್ ಕೈಗೆ ಬರ್ತದೆ. ಬಂದ ಕೂಡ್ಲೇ ಅವರಿಗೆ ಕಳ್ಸಿ, ಒಂದು ಪ್ರಿಂಟ್ ನಿಮ್ಮ ಬ್ಯಾಗಲ್ಲಿ, ಒಂದು ಅಪ್ಪನ ಬ್ಯಾಗಲ್ಲಿ.